ವಿದೂಷಕನ ಅನ್ನಋಣ

ಅನ್ನವನ್ನಿತ್ತವನನ್ನೇ ಪರಿಹಾಸಮಾಡುವುದು ಕೃತಘ್ನತೆಯೆ? ಕಾಳಿದಾಸನ ಶಾಕುಂತಲದಲ್ಲಿ ಬರುವ ವಿದೂಷಕ ಮಾಧವ್ಯನು ದುಷ್ಯಂತನ ಅನ್ನವನ್ನುಂಡವನು. ಅವನ ವಿನೋದವು ಅರಸನ ಬೇಟೆಯ ಹುಚ್ಚನ್ನೂ ಪ್ರಣಯವನ್ನೂ ಮುಟ್ಟಿತೇ ಹೊರತು ಆಳ್ವಿಕೆಯನ್ನು ಮುಟ್ಟಲಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಆರ್. ಜಿ. ಡೇವಿಸರು 1959ರಲ್ಲಿ ಸ್ಥಾಪಿಸಿದ 'ಮೈಮ್ ಟ್ರೂಪ್' ಎಂಬ ಸಣ್ಣ ನಾಟಕ ಮಂಡಳಿಯು ಬೇರೊಂದು ಮಾರ್ಗವನ್ನು ಹಿಡಿಯಿತು. ಹೆಸರು ಮೂಕಾಭಿನಯದ್ದಾದರೂ ಅದು ಪ್ರಸಿದ್ಧವಾದುದು ಮಾತು ಹಾಡುಗಳಿಂದ ತುಂಬಿದ ರಾಜಕೀಯ ಪ್ರಹಸನಗಳಿಂದ. 1962ರಿಂದ ಉದ್ಯಾನಗಳಲ್ಲಿ ಟಿಕೀಟಿಲ್ಲದೆ ಆಡಿ, ಆಟ ಮುಗಿದ ಮೇಲೆ ಪ್ರೇಕ್ಷಕರು ಇತ್ತಷ್ಟನ್ನು ಸ್ವೀಕರಿಸುವುದು ಅದರ ಪದ್ಧತಿ. 1965ರಲ್ಲಿ ಅಧಿಕಾರಿಗಳು ಆಟವು ಅಸಭ್ಯವೆಂದು ಅನುಮತಿಯನ್ನು ಹಿಂತೆಗೆದರು. ಆದರೂ ಆಡಹೊರಟ ಡೇವಿಸರು ಬಂಧಿತರಾದರು.

ಹೀಗೆ ಆಡುವವರಿಗೆ ಆಳುವವರ ಮುಖವನ್ನು ನೋಡಬೇಕಾದ ಹಂಗು ಕಡಮೆ, ಸರಿಯೆ. ಆದರೆ ಜನರ ಹಂಗು? ಕಾಸನ್ನಿತ್ತ ಪ್ರೇಕ್ಷಕನೂ ಒಬ್ಬ ಒಡೆಯನೇ. ಅವನಿಗಾಗದವರನ್ನು ಮಾತ್ರ ಹಳಿದು ಅವನನ್ನು ನಗಿಸುವುದು ಸುಲಭ. ಅದು ಹಾಸ್ಯದ ವೇಷವನ್ನು ತೊಟ್ಟ ಮುಖಸ್ತುತಿ. ರಾಜಸಭೆಯ ವಿದೂಷಕನಿಗೂ ಅಂಥವನಿಗೂ ಭೇದವೇನು?

ನಿಜವಾದ ಪ್ರಹಸನವನ್ನು ನೋಡುವವನು ಪರರ ದೋಷಕ್ಕೆ ನಗುತ್ತಿರುವಾಗಲೇ ತನ್ನ ದೋಷವನ್ನೂ ಕಂಡು ಒಂದು ಕ್ಷಣ ತಲೆತಗ್ಗಿಸಬೇಕು. ರೋಗಿಯಿಂದ ಹಣವನ್ನು ಪಡೆದ ವೈದ್ಯನು ಅವನಿಗೆ ಕಹಿಮದ್ದನ್ನೇ ಕೊಡುತ್ತಾನೆ. ಅದನ್ನು ಕೃತಘ್ನತೆಯೆಂದು ಯಾರೂ ಹೇಳರು. ವಿದೂಷಕನ ಅನ್ನಋಣವೂ ಹಾಗೆಯೇ: ಅದು ಸ್ತುತಿಯಿಂದ ತೀರದು, ಸತ್ಯದಿಂದ ತೀರುವುದು.