ಕೈಬಟ್ಟೆಯ ಪಾವಿತ್ರ್ಯ

ಬಟ್ಟೆಯ ವಿನ್ಯಾಸವೂ ಧರ್ಮದ ಪ್ರಶ್ನೆಯೇ ಎಂದು ಕನ್ನಡನಾಡಿನಲ್ಲಿ ಇತ್ತೀಚೆಗೆ ಗಟ್ಟಿಯಾಗಿ ಹೇಳಿದವರು ರಂಗನಿರ್ದೇಶಕ ಪ್ರಸನ್ನ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1975ರಲ್ಲಿ ‘ಸಮುದಾಯ’ ತಂಡ ಕಟ್ಟಿದವರಲ್ಲಿ ಒಬ್ಬರಾದ ಅವರು, 1990ರ ದಶಕದಲ್ಲಿ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘವನ್ನು ಬೆಳೆಸಿದರು. ಅಲ್ಲಿ ತಯಾರಾದ ಉಡುಪು ‘ದೇಸಿ’ ಅಂಗಡಿಗಳ ಮೂಲಕ ಬೆಂಗಳೂರಿಗೂ ಬಂತು.

ಚರಕದ ಸಹಯೋಗ ಹಳ್ಳಿಯ ಹೆಂಗಸರೊಂದಿಗೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು ಮಲೆನಾಡಿನ ಮನೆಗಳಲ್ಲಿ ಹೊಸದಲ್ಲ. ಆ ಕಂದುಗೆಂಪು ರಸ ಇಲ್ಲಿ ನೂಲಿನ ಬಣ್ಣವಾಯಿತು. ಕೈಮಗ್ಗದಲ್ಲಿ ಲಾಳಿ ಹಾಯಿಸುವವಳ ಕೈ ಒಂದೊಂದು ಸಲ ಒಂದೊಂದು ಬಿಗಿಯಲ್ಲಿರುತ್ತದೆ. ಹಾಸು ಹೊಕ್ಕುಗಳ ನಡುವೆ ಕಾಣುವ ಆ ಸಣ್ಣ ಏರುಪೇರನ್ನು ದೋಷವೆಂದು ಎಣಿಸದೆ, ನೆಯ್ದವಳ ಗುರುತೆಂದು ಒಪ್ಪುವುದೇ ಈ ವಿನ್ಯಾಸದ ನೀತಿ.

ಇದಕ್ಕೆ ಹೋಲಿಸಬಹುದಾದ ಬಂಡಾಯ ಇಂಗ್ಲೆಂಡಿನಲ್ಲೂ ನಡೆಯಿತು. ಶಾಲಾ ಶಿಕ್ಷಕಿಯಾಗಿದ್ದ ವಿವಿಯನ್ ವೆಸ್ಟ್‌ವುಡ್, ಮಾಲ್ಕಮ್ ಮ್ಯಾಕ್ಲಾರೆನ್ ಜೊತೆ 1971ರಲ್ಲಿ ಲಂಡನ್ನಿನ ಕಿಂಗ್ಸ್ ರಸ್ತೆಯಲ್ಲಿ ಅಂಗಡಿ ತೆರೆದರು. ಹರಿದ ಅಂಗಿ, ಪಿನ್ನು, ಸರಪಳಿಗಳಿಂದ ಪಂಕ್ ಉಡುಪಿಗೆ ರೂಪ ಕೊಟ್ಟರು. ಮುಂದೆ ಪತಿ ಆಂಡ್ರಿಯಾಸ್ ಕ್ರಾಂತಾಲರ್ ಅವರ ಜೊತೆ ದುಡಿದರು. 2022ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪ್ರತಿಭಟನೆ ಭೂಮಿಯ ಉಳಿವಿನ ಕಡೆಗೆ ತಿರುಗಿತ್ತು. ಸ್ವತಃ ಬಟ್ಟೆ ಮಾರುವವರಾಗಿದ್ದೂ ಕಡಿಮೆ ಕೊಳ್ಳಿ ಎಂದು ಜನರಿಗೆ ಹೇಳುತ್ತಿದ್ದರು. ವೆಸ್ಟ್‌ವುಡ್ ಅವರ ಬಂಡಾಯ ಉಡುಪಿನ ರೂಪದಿಂದ ಶುರುವಾಯಿತು, ಪ್ರಸನ್ನ ಅವರದು ಅದನ್ನು ಮಾಡುವ ಕೈಯಿಂದ.

ಕನ್ನಡದ ಶರಣ ಪರಂಪರೆಯಲ್ಲಿ ಈ ವಿಚಾರಕ್ಕೆ ಹಳೆಯ ಬೇರಿದೆ. ಮುದನೂರಿನ ಜೇಡರ ದಾಸಿಮಯ್ಯ ನೇಕಾರ, ವಚನಕಾರ. ಹೆಂಡತಿ ದುಗ್ಗಳೆಯೂ ವಚನಕಾರ್ತಿ. ದಾಸಿಮಯ್ಯ ಬಹುಕಾಲ ಶ್ರಮಿಸಿ ನೆಯ್ದ ಬಟ್ಟೆಯನ್ನು ಜಂಗಮನೊಬ್ಬ ಕೇಳಿ ಪಡೆದು, ಎದುರಿಗೇ ಹರಿದರೂ ಆತ ಸಿಟ್ಟಾಗಲಿಲ್ಲ ಎಂಬ ಐತಿಹ್ಯವಿದೆ. ನೆಯ್ಗೆ ಇಲ್ಲಿ ಹೊಟ್ಟೆಪಾಡೂ ಹೌದು, ಅರ್ಪಣೆಯೂ ಹೌದು. ಮಗ್ಗ ಬಿಟ್ಟು ಎದ್ದ ಮೇಲೆಯೇ ದೇವರ ನೆನಪು ಮಾಡಬೇಕೆಂಬ ಭೇದ ಶರಣರಿಗೆ ಇರಲಿಲ್ಲ.

ಪ್ರಸನ್ನ ಈ ಅರ್ಪಣೆಯ ಮಾತನ್ನು ಅರ್ಥಶಾಸ್ತ್ರಕ್ಕೆ ತಂದರು. ಕೈ ಉತ್ಪನ್ನಗಳ ಮೇಲೆ ತೆರಿಗೆ ಕೂಡದೆಂದು 2017ರಲ್ಲಿ ಕರ ನಿರಾಕರಣೆ ಸತ್ಯಾಗ್ರಹ ನಡೆಸಿದರು. 2019ರಲ್ಲಿ ‘ಪವಿತ್ರ ಆರ್ಥಿಕತೆ’ಗಾಗಿ ಬೆಂಗಳೂರಿನಲ್ಲಿ ಉಪವಾಸ ಕೂತರು. ಅವರ ಪ್ರಕಾರ ಹೆಚ್ಚು ಜನರಿಗೆ ದುಡಿಮೆ ಕೊಟ್ಟು ನಿಸರ್ಗಕ್ಕೆ ಅತಿ ಕಡಿಮೆ ಹಾನಿ ಮಾಡುವ ಉದ್ಯೋಗವೇ ಪವಿತ್ರ.

ಈ ವ್ಯಾಖ್ಯೆಯನ್ನು ಒರೆಗೆ ಹಚ್ಚಲು ಉತ್ತರ ಬೆಂಗಳೂರಿಗಿಂತ ತಕ್ಕ ಜಾಗವಿಲ್ಲ. ಯಲಹಂಕದಿಂದ ದೊಡ್ಡಬಳ್ಳಾಪುರದವರೆಗೆ ಮನೆಗಳಿಗೆ ಅಂಟಿಕೊಂಡ ಕೋಣೆಗಳಲ್ಲಿ ವಿದ್ಯುತ್ ಮಗ್ಗಗಳು ಸೀರೆ ನೆಯ್ಯುತ್ತವೆ. ಯಶವಂತಪುರ ದಾಟಿದರೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳು. ಭವಿಷ್ಯನಿಧಿ ಹಿಂಪಡೆಯುವ ನಿಯಮ ಬಿಗಿಯಾದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದಿದ್ದರು. ಇವರೂ ಕೈಯಿಂದಲೇ ದುಡಿಯುವವರು. ಯಂತ್ರದ ಮುಂದೆ ಕೂತಿದ್ದಾರೆಂಬ ಕಾರಣಕ್ಕೆ ಅವರ ದುಡಿಮೆ ಅಪವಿತ್ರವೇ?

ಆ ದುಡಿಮೆಗೆ ಕಳಂಕವಿಲ್ಲ. ಕೆಟ್ಟಿರುವುದು ಅದಕ್ಕೂ ಬಟ್ಟೆ ಉಡುವವರಿಗೂ ನಡುವಿನ ಸಂಬಂಧ. ಅಂಗಿಯ ಒಂದು ಹೊಲಿಗೆಯನ್ನಷ್ಟೇ ದಿನವಿಡೀ ಹಾಕುವವಳಿಗೆ ಅದನ್ನು ತೊಡುವವರು ಯಾರೆಂದು ಗೊತ್ತಿಲ್ಲ. ತೊಡುವವರಿಗೂ ಅವಳ ನೆನಪು ಬರುವುದಿಲ್ಲ. ಆದ್ದರಿಂದ ಪಾವಿತ್ರ್ಯದ ಮಾತು ಕೈಮಗ್ಗಕ್ಕಷ್ಟೇ ಮುಗಿಯಬಾರದು. ನ್ಯಾಯವಾದ ಕೂಲಿ, ನೀರು ಕೆಡಿಸದ ಬಣ್ಣ, ಬೇಕಾದಷ್ಟೇ ಕೊಳ್ಳುವ ಸಂಯಮ ಇವೂ ಅದರ ಭಾಗ.

ಸಂಯಮಕ್ಕೆ ಬೆಲೆಯೂ ಇದೆ. ಕೈಬಟ್ಟೆ ನಿಧಾನವಾಗಿ ಹುಟ್ಟುತ್ತದೆ, ಹಾಗಾಗಿ ಅಗ್ಗವಾಗಿ ಸಿಗುವುದಿಲ್ಲ. ಕೋವಿಡ್ ಕಾಲದಲ್ಲಿ ಮಾರಾಟ ಕುಸಿದು, 2020ರಲ್ಲಿ ಚರಕ ತೀವ್ರ ಆರ್ಥಿಕ ಬಿಕ್ಕಟ್ಟಿಗೆ ಸಿಲುಕಿತು. ನೇಕಾರರ ನಿಷ್ಠೆಯೊಂದರಿಂದಲೇ ಮಗ್ಗ ಆಡುವುದಿಲ್ಲ. ದಾಸಿಮಯ್ಯನ ಬಟ್ಟೆಗೂ ಕೇಳಿ ಪಡೆಯುವ ಜಂಗಮ ಬೇಕಿತ್ತು. ಬಟ್ಟೆ ಕೊಳ್ಳುವವರು ನೆಯ್ದವರ ಬದುಕಿನಲ್ಲಿ ತಮ್ಮ ಪಾಲನ್ನು ಹೊತ್ತಾಗಲೇ ಪವಿತ್ರ ಆರ್ಥಿಕತೆಯೆಂಬ ವಿಚಾರ ಪೂರ್ಣವಾಗುತ್ತದೆ.