ದಾನವೂ ದಾಸೋಹವೂ

ಸಂಪಾದನೆಯು ಗೃಹಸ್ಥನಿಗೆ ನಿಷಿದ್ಧವಲ್ಲ. ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಬಗೆದರು. ಅದರ ಫಲವನ್ನು ದಾಸೋಹಕ್ಕೆ ಸಲ್ಲಿಸಿದರು. ಆದರೆ ಮನೆಯ ಸಂಪತ್ತಿನಲ್ಲಿ ಮಕ್ಕಳ ಪಾಲೆಷ್ಟು, ಸಮಾಜದ ಪಾಲೆಷ್ಟು ಎಂಬ ಪ್ರಶ್ನೆಯು ಗೃಹಸ್ಥನನ್ನು ಕಾಡದೆ ಬಿಡದು. ಇಕ್ಕಾಲದ ಉದ್ಯಮಪತಿಯೊಬ್ಬರ ಜೀವನವನ್ನೂ ಲಿಂಗಸುಗೂರು ಸೀಮೆಯ ಶರಣ ದಂಪತಿಗಳ ನಡೆಯನ್ನೂ ಜತೆಯಲ್ಲಿಟ್ಟು ನೋಡಿದರೆ ಈ ವಿಚಾರವು ತಿಳಿಯಾಗುತ್ತದೆ.

1966ರಲ್ಲಿ ತಂದೆಯು ತೀರಿಕೊಳ್ಳಲು, ಇಪ್ಪತ್ತೊಂದು ವಯಸ್ಸಿನ ಅಜೀಂ ಪ್ರೇಮ್‌ಜಿಯವರು ಅಮೇರಿಕೆಯ ವ್ಯಾಸಂಗವನ್ನು ನಿಲ್ಲಿಸಿ ಬಂದು ಮನೆತನದ ವ್ಯವಹಾರವನ್ನು ವಹಿಸಿಕೊಂಡರು. ಖಾನದೇಶದ ಅಮಳನೇರದಲ್ಲಿ ವನಸ್ಪತಿ ಎಣ್ಣೆ ತಯಾರಿಸುತ್ತಿದ್ದ ಆ ಸಂಸ್ಥೆಯು ಕಾಲಕ್ರಮದಲ್ಲಿ ಸಾಬೂನು, ಗಣಕಯಂತ್ರ, ತಂತ್ರಾಂಶಗಳಿಗೆ ಹಬ್ಬಿ, ಬೆಂಗಳೂರಿನ ವಿಪ್ರೋ ಎಂದು ಲೋಕವಿಖ್ಯಾತವಾಯಿತು. 2019ರ ಮಾರ್ಚಿ ತಿಂಗಳ ಹೊತ್ತಿಗೆ ಅವರು ಸುಮಾರು 1,45,000 ಕೋಟಿ ರೂಪಾಯಿ ಮೌಲ್ಯದ ಸಂಪತ್ತನ್ನು ಲೋಕಹಿತಕ್ಕೆ ಮೀಸಲಿಟ್ಟಿದ್ದರು. ಅವರ ಪ್ರತಿಷ್ಠಾನವು ಯಾದಗಿರಿ, ಕಲಬುರಗಿ ಮುಂತಾದೆಡೆ ಸರ್ಕಾರಿ ಶಾಲೆಗಳ ಉಪಾಧ್ಯಾಯರೊಡನೆ ದುಡಿಯುತ್ತಿದೆ. ಈ ಬುದ್ಧಿಯು ಹಣದ ಜತೆಗೆ ಬಂದುದಲ್ಲ. ವೈದ್ಯವಿದ್ಯೆಯನ್ನು ಕಲಿತಿದ್ದ ತಾಯಿಯು ಮುಂಬಯಿಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ಆಸ್ಪತ್ರೆಗಾಗಿ ದಶಕಗಳ ಕಾಲ ಶ್ರಮಿಸಿದುದನ್ನು ಕಂಡು ಬೆಳೆದವರು ಅವರು. ತಂದೆಯಿಂದ ಬಂದ ಕಾರ್ಖಾನೆ ಒಂದು ಆಸ್ತಿಯಾದರೆ, ತಾಯಿಯ ನಡೆ ಅದಕ್ಕಿಂತ ಮಿಗಿಲಾದ ಆಸ್ತಿ.

ಇನ್ನು ಶರಣ ದಂಪತಿಗಳು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇವರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಒಳಕ್ಕೆ ಕೊಳ್ಳದೆ, ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳೆಂದು ಶರಣಚರಿತೆಯು ಸಾರುತ್ತದೆ. ಇಲ್ಲೊಂದು ಸೂಕ್ಷ್ಮವುಂಟು. ಆ ಹೆಚ್ಚಿನ ಅಕ್ಕಿಯಿಂದ ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದಿತ್ತು. ಆದರೂ ಆಕೆ ಒಪ್ಪಲಿಲ್ಲ.

ಉದ್ಯಮಪತಿಯು ಸಂಗ್ರಹವಾದುದನ್ನು ಹಿಂದಿರುಗಿಸಿದನು. ಲಕ್ಕಮ್ಮನು ಸಂಗ್ರಹವಾಗುವ ಮೊದಲೇ ತಡೆದಳು. ‘ಎಷ್ಟು ಕೊಡಲಿ’ ಎಂಬುದು ದಾನದ ಪ್ರಶ್ನೆ. ‘ಎಷ್ಟು ತರಲಿ, ಹೇಗೆ ತರಲಿ’ ಎಂಬುದು ದಾಸೋಹದ ಪ್ರಶ್ನೆ. ಮೊದಲನೆಯದನ್ನು ಕೀಳೆಂದು ಹಳಿಯಲಾಗದು. ಅದರಿಂದ ಅಸಂಖ್ಯ ಮಕ್ಕಳಿಗೆ ಹಿತವಾಗಿದೆ. ಆದರೆ ಎರಡನೆಯ ಪ್ರಶ್ನೆಯನ್ನು ಕೇಳದೆ ಮೊದಲನೆಯದರಿಂದಲೇ ಕೃತಾರ್ಥನಾದೆನೆಂದು ಗೃಹಸ್ಥನು ಭಾವಿಸಬಾರದು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಯು ಭತ್ತದ ಕಣಜವಾಗಿದೆ. ಅಲ್ಲಿ ನಾಟಿ ಹಚ್ಚಿದವಳ ಕೂಲಿಯಲ್ಲಿ ಮುರಿದುಕೊಂಡು ಜಾತ್ರೆಯ ದಾಸೋಹಕ್ಕೆ ಅಕ್ಕಿಯ ಚೀಲ ಕಳುಹಿಸಿದರೆ, ಅದು ಯಾರ ಸೇವೆ? ಲಕ್ಕಮ್ಮನಾದರೆ ಆ ಚೀಲವನ್ನು ಬಾಗಿಲಿನಿಂದಲೇ ಹಿಂದಿರುಗಿಸುತ್ತಿದ್ದಳು.

ಧರ್ಮವು ಸಿರಿವಂತರ ಸೊತ್ತು, ಬಡವನಿಗೆ ಅದೆಲ್ಲಿಯದು ಎಂದು ಹಿಂಜರಿಯುವವರೂ ಉಂಟು. ಅವರಿಗೆ ನೆರೆಯ ಮಸ್ಕಿಯ ಬಂಡೆಯೇ ಉತ್ತರ ಹೇಳುತ್ತದೆ. 1915ರಲ್ಲಿ ಬೆಳಕಿಗೆ ಬಂದ ಅಲ್ಲಿನ ಶಾಸನದಲ್ಲಿ ಅಶೋಕ ಚಕ್ರವರ್ತಿಯು, ಪರಮಾರ್ಥವು ದೊಡ್ಡವರಿಗೆ ಮಾತ್ರ ಎಟಕುವುದೆಂದು ತಿಳಿಯಲಾಗದು, ಧರ್ಮದಲ್ಲಿ ತೊಡಗಿದ ಸಾಮಾನ್ಯನಿಗೂ ಅದು ಸಾಧ್ಯವೆಂಬ ಅರ್ಥದ ಮಾತನ್ನು ಕೊರೆಯಿಸಿದ್ದಾನೆ. ಕೋಟಿಯುಳ್ಳವನು ಕೋಟಿಯನ್ನು ಕೊಡಲಿ; ಹಿಡಿ ಅಕ್ಕಿಯುಳ್ಳವನು ಹಿಡಿಯಲ್ಲಿ ಪಾಲಿಡಲಿ. ತಾಯ್ತಂದೆಗಳ ಇಂಥ ನಡೆಯನ್ನು ನಿತ್ಯವೂ ಕಂಡು ಬೆಳೆದ ಮಕ್ಕಳಿಗೆ ಆಸ್ತಿಯಲ್ಲಿ ಕೊಂಚ ಕಡಿಮೆಯಾದರೂ ಬಾಳಿನಲ್ಲಿ ಕಡಿಮೆಯಾಗದು.