ಇಂದಿನ ಧಮ್ಮ ಚಿಂತನೆ: ಅಪ್ಪನಿಂದ ಬಂದದ್ದು ಹಣೆಬರಹವೇ?



"ನಮ್ಮ ರಕ್ತದಲ್ಲೇ ಓದು ಇಲ್ಲ ಬಿಡಿ ಮೇಷ್ಟ್ರೇ." ನಂದಗುಡಿ ಸುತ್ತಲಿನ ಪೋಷಕರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ನಮ್ಮವರೇ. ಹಾಗಾದರೆ ಅಪ್ಪನಿಂದ ಮಗುವಿಗೆ ನಿಜಕ್ಕೂ ಬರುವುದೇನು?

ವೀರ್ಯಾಣು ಡಿಎನ್‌ಎ ಮಾತ್ರ ಹೊತ್ತು ತರುತ್ತದೆ ಎಂದು ಬಹುಕಾಲ ತಿಳಿಯಲಾಗಿತ್ತು. ಜೊತೆಗೆ ಆರ್‌ಎನ್‌ಎ ಕೂಡ ಅಂಡಾಣುವಿನೊಳಗೆ ಹೋಗುತ್ತದೆ. ಭ್ರೂಣದ ಮೊದಲ ಹಂತದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂಬುದರ ಮೇಲೆ ಅದು ಪ್ರಭಾವ ಬೀರಬಲ್ಲದು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲೇ ಎಂ.ಆರ್.ಎಸ್. ರಾವ್ ಅವರ ತಂಡ, ಇಲಿಯಲ್ಲಿ ವೀರ್ಯಾಣು ತಯಾರಾಗುವ ಕೋಶಗಳ ಒಂದು ಆರ್‌ಎನ್‌ಎಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿತು.

2014ರಲ್ಲಿ ಜ್ಯೂರಿಕ್‌ನ ಇಸಾಬೆಲ್ ಮಾನ್ಸುಯಿ ತಂಡ ಮರಿಯಾಗಿದ್ದಾಗ ತಾಯಿಯಿಂದ ಪದೇ ಪದೇ ಅಗಲಿಸಿದ ಗಂಡಿಲಿಗಳನ್ನು ಪರೀಕ್ಷಿಸಿತು. ಅವುಗಳ ವೀರ್ಯದ ಆರ್‌ಎನ್‌ಎ ಬದಲಾಗಿತ್ತು. ಅದನ್ನಷ್ಟೇ ತೆಗೆದು ಬೇರೆ ಫಲಿತ ಅಂಡಗಳಿಗೆ ಸೇರಿಸಿದಾಗ, ಹುಟ್ಟಿದ ಮರಿಗಳ ನಡವಳಿಕೆಯಲ್ಲೂ ಬದಲಾವಣೆ ಕಂಡಿತು.

ಓದಿ ನನಗೆ ಅಂಜಿಕೆಯಾಯಿತು. ಹುಟ್ಟಿನಿಂದಲೇ ಮೇಲು ಕೀಳು ಎನ್ನುವವರ ಕೈಗೆ ವಿಜ್ಞಾನವೇ ಕೋಲು ಕೊಟ್ಟಿತೇ?

ಕೊಟ್ಟಿಲ್ಲ. ಅಲ್ಲಿ ದಾಟಿದ್ದು ನೋವಿನ ಗುರುತು. ಆ ನೋವು ಇಲಿಯ ಹುಟ್ಟುಗುಣವಲ್ಲ, ಹೊರಗಿನಿಂದ ಹೇರಿದ್ದು. ಮನುಷ್ಯರಲ್ಲಿ ಹೀಗೇ ಆಗುತ್ತದೆಂದು ಇನ್ನೂ ಸಾಬೀತಾಗಿಲ್ಲ. ಅಲ್ಲದೆ 2016ರಲ್ಲಿ ಅದೇ ತಂಡ, ನೊಂದ ಗಂಡಿಲಿಗಳನ್ನು ಆಟದ ಸಾಮಾನು, ಒಡನಾಡಿಗಳಿರುವ ವಿಶಾಲ ಗೂಡಿನಲ್ಲಿಟ್ಟಾಗ ಆ ಪರಿಣಾಮ ಮರಿಗಳಿಗೆ ದಾಟುವುದು ತಪ್ಪಿತೆಂದು ತೋರಿಸಿತು.

1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅನುವಂಶೀಯತೆಯನ್ನು ಮುಂದಿಟ್ಟೇ ಪೂರ್ವಜನ್ಮದ ಕರ್ಮವನ್ನು ಪ್ರಶ್ನಿಸುತ್ತಾರೆ. ಮಗು ತಂದೆತಾಯಿಯಿಂದ ಗುಣಗಳನ್ನು ಪಡೆಯುವುದು ವಿಜ್ಞಾನ. ಬಡತನವನ್ನು ತನ್ನದೇ ಹಿಂದಿನ ಜನ್ಮದಿಂದ ಹೊತ್ತು ತಂದಿದೆ ಎನ್ನುವುದು, ಅನ್ಯಾಯ ಮಾಡಿದವರನ್ನು ಬಿಟ್ಟು ಅನುಭವಿಸಿದವರನ್ನೇ ದೂರುವ ಮಾತು.

ಪಟಿಚ್ಚ ಸಮುಪ್ಪಾದ ಹೇಳುವುದೂ ಇದನ್ನೇ: ಕಾರಣ ಬದಲಾದರೆ ಫಲವೂ ಬದಲಾಗುತ್ತದೆ. ನಮ್ಮ ಕಡೆ ರೇಷ್ಮೆ ಸಾಕುವವರನ್ನು ಕೇಳಿ. ತಳಿ ಒಂದೇ ಆದರೂ ಸೊಪ್ಪು, ಗಾಳಿ, ಆರೈಕೆ ಕೆಟ್ಟರೆ ಗೂಡು ಕೆಡುತ್ತದೆ. ಅದಕ್ಕೆ ಯಾರೂ ಹುಳುವಿನ ಪೂರ್ವಜನ್ಮವನ್ನು ಬೈಯುವುದಿಲ್ಲ.

ಹಸಿದು ದುಡಿದ ಅಪ್ಪ ತಪ್ಪಿತಸ್ಥನಲ್ಲ. ಹಸಿವನ್ನು ಹೇರಿದ ವ್ಯವಸ್ಥೆ ಉತ್ತರ ಕೊಡಬೇಕು. ಆದರೆ ಮಗುವಿನ ಮುಂದಿನ ಗೂಡು ಹೇಗಿರಬೇಕೆಂಬುದರಲ್ಲಿ ನಮ್ಮ ಕೈಯೂ ಇದೆ: ಹೊಟ್ಟೆ ತುಂಬ ಊಟ, ಬಡಿತ ಬೈಗುಳವಿಲ್ಲದ ಮನೆ, ಕೈಗೆಟುಕುವ ಪುಸ್ತಕ.

ಇಂದು ಮನೆಯ ಮಗುವಿನ ಪಕ್ಕ ಅರ್ಧ ಗಂಟೆ ಕೂತು ಓದಿಸಿ. ಅದೂ ಶೀಲವೇ.

ಭವತು ಸಬ್ಬ ಮಂಗಲಂ ☸️